ಏಳು ದಿನದ ಮಾತ್ರೆ

"ಏಳು ದಿನದ್ದು ಕೊಡಿ, ಸಾಕು," ಎಂದರು ನಮ್ಮ ಪಶು ಆಸ್ಪತ್ರೆಯ ಔಷಧಿ ಕೌಂಟರ್ ಮುಂದೆ ನಿಂತಿದ್ದವರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ನಾಯಿ ಗೋಂತಾನಿಗೆ ಹದಿಮೂರು ವರ್ಷ, ಹಿಂಗಾಲಿನ ಕೀಲುಗಳೆರಡೂ ಸವೆದಿವೆ, ಇನ್ನು ಬದುಕಿರುವಷ್ಟು ದಿನವೂ ನೋವಿನ ಮಾತ್ರೆ ಬೇಕು ಎಂದು ಡಾಕ್ಟರ್ ಮಿಯಾಜಿ ಆಗಷ್ಟೇ ಹೇಳಿ ಕಳಿಸಿದ್ದರು. ಚೀಟಿಯಲ್ಲಿ ಇಪ್ಪತ್ತೆಂಟು ದಿನಕ್ಕೆಂದು ಬರೆದಿತ್ತು.

"ಯಾಕ್ರೀ? ಎಂಟನೇ ದಿನ ನೋವು ತಾನಾಗೇ ಹೋಗಿಬಿಡತ್ತಾ?"

"ಹಾಗಲ್ಲ ಮೇಡಂ, ಒಗ್ಗತ್ತೋ ಇಲ್ವೋ ನೋಡೋಣ ಅಂತ."

ಕೂಸನ್ನು ಕಟ್ಟಿಕೊಳ್ಳುವ ಬಟ್ಟೆಯಲ್ಲಿ ನಾಯಿಯನ್ನು ಬೆನ್ನಿಗೆ ಬಿಗಿದುಕೊಂಡು ನಿಂತಿದ್ದರು. ಹೆಗಲ ಮೇಲಿಂದ ಗೋಂತಾ ನನ್ನನ್ನೇ ನೋಡುತ್ತಿತ್ತು. ಇಬ್ಬರ ಮೈಯಿಂದಲೂ ಹೊಸ ಚಾಪೆಯ ಹುಲ್ಲಿನ ವಾಸನೆ. ಏಳು ಮಾತ್ರೆ ಎಣಿಸಿ ಕಾಗದದ ಚೀಲಕ್ಕೆ ಹಾಕಿದೆ. ನಮ್ಮಲ್ಲಿ ನಾಯಿಗೂ ಸಾಕಿದವರ ಮನೆತನದ ಹೆಸರು ಉಂಟು. "ಹಿರೊಕಾನೆ ಗೋಂತಾ, ದಿನಕ್ಕೊಂದು, ಊಟದ ಜೊತೆ" ಎಂದು ಚೀಲದ ಮೇಲೆ ಬರೆದೆ. ಸಿಟ್ಟು ಇಳಿದಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಮನುಷ್ಯರ ನೋವಿನ ಮಾತ್ರೆ ಕೊಟ್ಟೀರಿ, ಜೋಕೆ!"

ಅವರು ಅದನ್ನು ಓದಿ ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮುಂದಿನ ಮಂಗಳವಾರ ಮತ್ತೆ ಹಾಜರು. ಮಾತ್ರೆ ಒಗ್ಗಿತ್ತು. ಊಟ ಸರಿ, ಹೊಟ್ಟೆ ಸರಿ, ಬೆಳಿಗ್ಗೆ ತಾನೇ ಎದ್ದು ನಿಂತಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರು.

"ಹಾಗಿದ್ರೆ ಇಪ್ಪತ್ತೆಂಟು ಕಟ್ಟಲಾ?"

"ಬೇಡ ಮೇಡಂ, ಏಳೇ ಇರ್ಲಿ."

ನಮ್ಮೂರು ಒನೊಮಿಚಿಯ ಗುಡ್ಡದ ತುದಿಯಲ್ಲಿ ಅವರ ಮನೆ, ಕೆಳಗೆ ದೋಣಿಗಟ್ಟೆಯ ಪಕ್ಕ ನಮ್ಮ ಆಸ್ಪತ್ರೆ. ನಡುವೆ ಇನ್ನೂರ ಹನ್ನೆರಡು ಮೆಟ್ಟಿಲು. ಹನ್ನೆರಡು ಕಿಲೋ ನಾಯಿಯನ್ನು ಹೊತ್ತು ವಾರ ವಾರವೂ ಹತ್ತಿಳಿಯುವವರಿಗೆ ಬುದ್ಧಿ ಬೇಡವೇ? "ಮಾತ್ರೆಗೆ ನೀವೊಬ್ರೇ ಬಂದ್ರೆ ಸಾಕು ಕಣ್ರೀ, ಅದ್ಯಾಕೆ ಆ ಮುದುಕನ್ನ ಕುಲುಕಿಸ್ತೀರಾ?" ಎಂದು ಬೈದೆ. ಮೂರನೇ ವಾರ ಒಬ್ಬರೇ ಬಂದರು, ಕಂಕುಳಲ್ಲಿ ಒಂದು ತುಂಡು ತಾತಾಮಿ, ಹುಲ್ಲಿನ ದಪ್ಪ ಚಾಪೆ. ತೂಕದ ಯಂತ್ರದ ಮುಂದಿನ ನುಣುಪು ನೆಲದಲ್ಲಿ ಗೋಂತಾ ಜಾರಿದ್ದನ್ನು ನೋಡಿದ್ದರಂತೆ. "ಬೇರೆ ಮುದಿ ನಾಯಿಗಳೂ ಬರ್ತವಲ್ಲ," ಎಂದು ಮಂಡಿಯೂರಿ ಹಾಸಿ, ಅಂಚು ಒತ್ತಿ ನೋಡಿದರು. ಚಾಪೆ ಹೆಣೆಯುವುದೇ ಅವರ ಕಸುಬು. ಎದ್ದಾಗ ಎರಡೂ ಮಂಡಿ ಲಟಕ್ಕೆಂದವು.

"ಗೋಂತಾ ಮಾತ್ರೆಗೆ ನೀವು ಕೈ ಹಾಕಿಲ್ಲ ತಾನೆ?" ಎಂದೆ.

ಅವರ ಕಿವಿ ಕೆಂಪಾದವು. ನಲವತ್ತಮೂರು ವರ್ಷದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನಾನು ನೋಡಿರಲಿಲ್ಲ. ಆ ದಿನವೆಲ್ಲ ಅದೇ ನೆನಪಾಗುತ್ತಿತ್ತು.

ಹೀಗೆ ಆರು ತಿಂಗಳು. ವಾರಕ್ಕೊಂದು ಚೀಲ, ಚೀಲಕ್ಕೊಂದು ಬೈಗುಳ. "ಮಳೆ ಬಂದಿದೆ, ಮೆಟ್ಟಿಲು ನೋಡಿಕೊಂಡು ಹತ್ತಿ." "ಗೋಂತಾ ಅರ್ಧ ಕಿಲೋ ಹೆಚ್ಚಿದೆ, ತಿಂಡಿ ಕೊಡುತ್ತಿರುವವರು ಯಾರು?" ಮಂಗಳವಾರ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲತೊಡಗಿದೆ. ಡಾಕ್ಟರ್ ಮಿಯಾಜಿ, ಅರವತ್ತು ದಾಟಿದ ಹೆಂಗಸು, ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ ಸುಮಿಯೆ, ಇವತ್ತು ಮಂಗಳವಾರನಾ?" ಎನ್ನುತ್ತಿದ್ದರು.

ಆರನೇ ತಿಂಗಳ ರಕ್ತಪರೀಕ್ಷೆಯಲ್ಲಿ ಗೋಂತಾನ ಕಿಡ್ನಿಯ ಅಂಕಿ ಏರಿತ್ತು. ಡಾಕ್ಟರ್ ಕಾಗದ ನನ್ನ ಮುಂದಿಟ್ಟರು.

"ಎರಡು ದಾರಿ ಇದೆ. ಮಾತ್ರೆ ಕಡಿಮೆ ಮಾಡಿ, ವಾರ ವಾರ ಗಮನ ಇಟ್ಟು ನಡೆಸ್ಬಹುದು. ಇಲ್ಲಾ ಮಾತ್ರೆ ಪೂರ್ತಿ ನಿಲ್ಲಿಸಿ ತಿಂಗಳಿಗೊಂದು ಇಂಜೆಕ್ಷನ್ ಕೊಡ್ಬಹುದು. ನನ್ನ ಕೇಳಿದ್ರೆ ಇಂಜೆಕ್ಷನ್ನೇ ಒಳ್ಳೇದು. ಅವರಿಗೆ ನೀನೇ ವಿವರಿಸು."

ತಿಂಗಳಿಗೊಂದು. ಅಂದರೆ ತಿಂಗಳಲ್ಲಿ ಒಂದೇ ಮಂಗಳವಾರ. ಮೊದಲನೇ ದಾರಿಯನ್ನು ಸ್ವಲ್ಪ ಚೆಂದ ಮಾಡಿ ಹೇಳಿದರೆ ಏನಾದೀತು ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ಮೂವತ್ತೊಂಬತ್ತರ ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಅವರು ಬಂದಾಗ ಎರಡನ್ನೂ ಇದ್ದ ಹಾಗೆ ಹೇಳಿದೆ.

"ತಿಂಗಳಿಗೆ ಒಂದೇ ಸಲಾನಾ?"

"ಒಂದೇ ಸಲ."

"ಗೋಂತಾಗೆ ಯಾವುದು ಒಳ್ಳೇದು? ನೀವು ಹೇಳಿ."

"ಇಂಜೆಕ್ಷನ್."

"ಹಾಗಾದ್ರೆ ಅದೇ ಕೊಡಿ ಮೇಡಂ."

ಕಣ್ಣು ಮಿಟುಕಿಸುವಷ್ಟೂ ತಡಮಾಡಲಿಲ್ಲ. ನನಗೆ ಚುರುಕ್ಕೆಂದಿತು. ಆದರೆ ಅವರು ಒಂದು ಕ್ಷಣ ತಡಮಾಡಿದ್ದರೂ ನನಗೆ ಇಷ್ಟು ಬೇಕಾದವರಾಗುತ್ತಿರಲಿಲ್ಲ ಎಂದು ಅಲ್ಲೇ ನಿಂತು ತಿಳಿಯಿತು. ಮಾತ್ರೆ ನಿಲ್ಲಿಸಿ ಒಂದು ವಾರ ಬಿಟ್ಟು ಗೋಂತಾನಿಗೆ ಇಂಜೆಕ್ಷನ್ ಆಯಿತು. ಆ ದಿನ ಬರೆಯಲು ಚೀಲವೇ ಇರಲಿಲ್ಲ. ಅವರು ರೂಢಿಯಂತೆ ಕೌಂಟರ್ ಕಡೆಗೆ ಕೈ ಚಾಚಿ, ನೆನಪಾಗಿ ಹಿಂದೆಗೆದುಕೊಂಡು ಹೋದರು.

ಅದಾದ ಮೇಲೆ ಎರಡು ಮಂಗಳವಾರ ಕಳೆದವು. ನಾನು ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ. "ಹೇಗೂ ಗುರುವಾರ ನಿಂಗೆ ವಾರದ ರಜೆ," ಎಂದರು ಡಾಕ್ಟರ್. "ಆ ಹಳೇ ಮಾತ್ರೆ ಮನೇಲಿ ಉಳಿದಿದ್ರೆ ಗೊತ್ತಿಲ್ದೆ ಕೊಟ್ಟಾರು. ಹೋಗಿ ನೋಡ್ಕೊಂಡು ಬಾ."

"ಅವರು ಹಾಗೆಲ್ಲ ಕೊಡೋರಲ್ಲ."

"ಗೊತ್ತು ಕಣೇ. ಹೋಗು."

ಇನ್ನೂರ ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಏದುಸಿರು ನನಗೇ ಕೇಳುತ್ತಿತ್ತು. ತುದಿಯಲ್ಲಿ ಗೋಂತಾ ನಿಂತಿತ್ತು. ನನ್ನನ್ನು ಕಂಡು ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು. ಯಾರ ಆಸರೆಯೂ ಇಲ್ಲದೆ. ಹಿಂದೆಯೇ ಚಾಪೆಯ ಅಂಚು ಹೊಲಿಯುವ ಸೂಜಿ ಹಿಡಿದು ಓಡಿಬಂದ ಹಿರೊಕಾನೆಯವರು ನಾಯಿಯನ್ನು ನೋಡಬೇಕೋ ನನ್ನನ್ನು ನೋಡಬೇಕೋ ತಿಳಿಯದೆ ನಿಂತರು.

"ಮಾತ್ರೆ ಉಳಿದಿದ್ಯಾ ಅಂತ ಕೇಳೋಕೆ ಬಂದೆ," ಎಂದೆ.

"ಒಂದೂ ಇಲ್ಲ ಮೇಡಂ. ಬೇಕಾದ್ರೆ ನೋಡಿ."

ಒಳಗೆ ಕರೆದು ಕಪಾಟಿನ ಖಾನೆ ಎಳೆದರು. ಮಾತ್ರೆ ಇರಲಿಲ್ಲ. ನನ್ನ ಚೀಲಗಳಿದ್ದವು. ಇಪ್ಪತ್ತಾರೂ ಮಡಿಕೆ ಬಿಡಿಸಿ, ಚಾಪೆಯ ಅಂಚಿನ ಪಟ್ಟಿಯಿಂದ ಕಟ್ಟಿಟ್ಟಿದ್ದರು. ಮೇಲಿನದರಲ್ಲಿ ನನ್ನದೇ ಅಕ್ಷರ: "ಜೋಕೆ!"

"ಅಯ್ಯೋ, ಬರೀ ಬೈಗುಳ ಕಣ್ರೀ ಇವು!"

"ಹೂಂ. ದಿನಾ ಓದ್ತೀನಿ." ಕಿವಿ ಕೆಂಪಾಗಿತ್ತು, ಆದರೆ ಈ ಸಲ ಮುಖ ತಿರುಗಿಸಲಿಲ್ಲ. "ಮೊದಲನೇ ವಾರ ಏಳು ಕೇಳಿದ್ದು ನಿಜವಾಗ್ಲೂ ಗೋಂತಾಗೋಸ್ಕರ. ಎರಡನೇ ವಾರದಿಂದ ಸುಳ್ಳು. ಇಪ್ಪತ್ತೆಂಟು ತಗೊಂಡಿದ್ರೆ ಇಪ್ಪತ್ತೇಳು ದಿನ ನಿಮ್ಮನ್ನ ನೋಡೋ ಹಾಗಿರ್ಲಿಲ್ಲ."

ಅಳುವುದು ನನ್ನ ಸ್ವಭಾವವಲ್ಲ. ಬ್ಯಾಗಿನಲ್ಲಿ ಒಂದು ಖಾಲಿ ಚೀಲವಿತ್ತು, ಬೇಕಾಗಬಹುದೆಂದು ಬೆಳಿಗ್ಗೆಯೇ ಇಟ್ಟುಕೊಂಡಿದ್ದೆ. ಅದನ್ನು ತೆಗೆದು, ಗೋಂತಾನ ಹೆಸರು ಬರೆಯುವ ಜಾಗದಲ್ಲಿ ಅವರ ಹೆಸರು ಬರೆದೆ. ಕೆಳಗೆ "ಗುರುವಾರ ಗುರುವಾರ, ಊಟದ ಜೊತೆ, ಸುಮಿಯೆ" ಎಂದು ಬರೆದು ಕೊಟ್ಟೆ.

ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಕೌಂಟರ್ ಮುಂದೆ ನಿಂತವರಂತೆ ಚೀಲವನ್ನು ನನ್ನ ಕಡೆಗೇ ಸರಿಸಿದರು.

"ವಾರಕ್ಕೊಂದು ಸಾಕಾಗಲ್ಲ ಮೇಡಂ," ಎಂದರು. "ದಿನಾ ಅಂತ ಬರೀರಿ."