ಬಿಸಿಲು ಬೀಳದ ಜಾಗ

ಹಳೆಯ ಎಂಟು-ಬಿಟ್ ಕಂಪ್ಯೂಟರುಗಳನ್ನು ಹುಡುಕಿ ತಂದು ಸರಿಮಾಡುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಭಾವ ತೀರಿಕೊಂಡ ಮೇಲೆ ಅಕ್ಕ ಅವರದ್ದನ್ನೂ ತಂದುಕೊಟ್ಟಳು.

"ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ ಕಣೋ. ಹೊಸದರ ಹಾಗೆ ಮಾಡ್ಕೊಡು."

ಹಳದಿಗಟ್ಟಿದ ಮೇಲ್ಮುಚ್ಚಳವನ್ನು ಬಿಚ್ಚಿ, ಪೆರಾಕ್ಸೈಡ್ ಕ್ರೀಮು ಬಳಿದು, ತಾರಸಿಯಲ್ಲಿ ಬಿಸಿಲಿಗಿಟ್ಟು, ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋದೆ. ಕ್ರೀಮಿನ ಮೇಲೆ ಬಿಸಿಲು ತಾಗಿದಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ನೆರಳಿದ್ದಲ್ಲಿ ಹಳದಿಯೇ ಉಳಿಯುತ್ತದೆ. ಸಂಜೆ ಒರೆಸಿ ನೋಡಿದರೆ ಎಲ್ಲ ಬೆಳ್ಳಗಾಗಿತ್ತು. ನಡುವೆ ಮಾತ್ರ ಎರಡು ಅಂಗೈ, ಹತ್ತು ಬೆರಳು, ಅಚ್ಚ ಹಳದಿ. ಇಡೀ ದಿನ ಕಾದಿದ್ದ ಪ್ಲಾಸ್ಟಿಕ್ಕು ಅಲ್ಲಷ್ಟೇ ತಣ್ಣಗಿತ್ತು.

ಅಕ್ಕನನ್ನು ಕರೆಸಿದೆ. ಅವಳು ಗುರುತಿನ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು. ಗುರುತು ಅವಳ ಕೈಯ ಅರ್ಧದಷ್ಟೂ ಇರಲಿಲ್ಲ. ಅವರಿಗೆ ಮಕ್ಕಳಾಗಿರಲಿಲ್ಲ.

"ಇದು ನಿನ್ನ ಭಾವನ ಕೈಯಲ್ಲ" ಅಂದಳು.

ಮರುದಿನ ರಜೆ ಹಾಕಿದೆ. ಉಳಿದಿದ್ದ ಕೆಳಮುಚ್ಚಳಕ್ಕೆ ಕ್ರೀಮು ಬಳಿದು ಬಿಸಿಲಿಗಿಟ್ಟು, ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತೆ. ಕಣ್ಣು ಕೀಳಲಿಲ್ಲ. ಅದರ ಮೇಲೆ ಒಂದು ಕಾಗೆಯ ನೆರಳೂ ಬೀಳಲಿಲ್ಲ.

ಸಂಜೆ ಒರೆಸಿದೆ. ಅಲ್ಲೂ ಅದೇ ಪುಟ್ಟ ಕೈಗಳಿದ್ದವು. ಈ ಸಲ ಬೆರಳುಗಳು ನನ್ನ ಕುರ್ಚಿಯ ಕಡೆಗೆ ತಿರುಗಿದ್ದವು.