ಎಡಕ್ಕ ನೋಡ್ರಿ, ಬಲಕ್ಕ ನೋಡ್ರಿ

ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ ನನ್ನಷ್ಟು ಚೆಲುವ ಇನ್ನೊಬ್ಬನಿಲ್ಲ. ನವಿ ಪೇಠದ ನಮ್ಮ ಚಾದರದ ಅಂಗಡಿಯ ಕನ್ನಡಿ ನನ್ನನ್ನು ಕಂಡಾಗಲೆಲ್ಲ ನಾಚಿ ಬೆವರುತ್ತದೆ. ಅಂಥ ಮುಖವನ್ನು ಒಂದು ಕ್ರಿಪ್ಟೊ ಎಕ್ಸ್‌ಚೇಂಜಿನ ಕಂಪ್ಯೂಟರು ‘ಪ್ಯಾನ್ ಕಾರ್ಡಿನ ಫೋಟೊದವನು ಇವನಲ್ಲ’ ಎಂದು ತಿರಸ್ಕರಿಸಿತು! ಬಿಟ್‌ಕಾಯಿನ್ ಖಾತೆ ತೆರೆಯಲು ಹೊರಟವನ ಪಿತ್ತ ನೆತ್ತಿಗೇರಿತು.

ಕಡೆಗೆ ನನ್ನ ಗುರುತು ಪರೀಕ್ಷಿಸಲು ವಿಡಿಯೊ ಕಾಲಿನಲ್ಲಿ ಒಬ್ಬ ಹುಡುಗಿ ಬಂದಳು. ಮರಾಠಿಯಲ್ಲಿ ಶುರು ಮಾಡಿದವಳು ನನ್ನ ಗೊಣಗಾಟ ಕೇಳಿ ಕನ್ನಡಕ್ಕೆ ಹೊರಳಿದಳು.

“ಶಿವಶರಣ ಅವರ, ವಿಭೂತಿ ಒರಸ್ರಿ. ಮಷಿನ್ನಿಗೆ ನಿಮ್ಮ ಹಣಿ ತಿಳಿವಲ್ದು.”

“ಒರಸೂದಿಲ್ರಿ. ಮಷಿನ್ನಿಗೇ ಹಚ್ಚರಿ.”

ತುಟಿ ಕಚ್ಚಿ ನಗು ನುಂಗಿದಳು. “ಎಡಕ್ಕ ನೋಡ್ರಿ. ಬಲಕ್ಕ ನೋಡ್ರಿ. ಕಣ್ಣ ಮುಚ್ಚಿ ತೆಗೀರಿ.”

ಒಂದೇ ಕಣ್ಣು ಮುಚ್ಚಿ ತೆಗೆದೆ.

“ಎರಡೂ ರಿ!”

ಆಕೆಯ ಕಿವಿಯ ಬುಡ ಕೆಂಪಾಯಿತು. ಸೂರ್ಯ ಅಷ್ಟು ಕೆಂಪಗೆ ಎಂದೂ ಹುಟ್ಟಿಲ್ಲ. ಅಲ್ಲೇ ಕೇಳಿಬಿಟ್ಟೆ: “ನನ್ನ ಮದುವಿ ಆಗ್ತೀರೇನು?”

“ಕಾಲ್ ರೆಕಾರ್ಡ್ ಆಗಾಕತ್ತೈತ್ರಿ.”

“ಆಗಲಿ. ನಿಮ್ಮ ಹೆಸರು?”

“ಹೇಳಾಕ ಬರಂಗಿಲ್ಲ. ಕಂಪನಿ ನಿಯಮ.”

ಕಾಲ್ ಕಟ್!

ಎಂಥ ಅನ್ಯಾಯ ನೋಡಿ. ನನ್ನ ಅಪ್ಪನ ಹೆಸರು, ಹುಟ್ಟಿದ ದಿನ, ಪ್ಯಾನ್ ಕಾರ್ಡು ಎಲ್ಲ ಆಕೆಯ ಕೈಯಲ್ಲಿ. ನನ್ನ ಕೈಯಲ್ಲಿ ಆಕೆಯ ಹೆಸರಿನ ಒಂದಕ್ಷರವೂ ಇಲ್ಲ. ಆ ಸಿಟ್ಟಿಗೆ, ನನ್ನ ಬಳಿ ಕೋಟಿಗಟ್ಟಲೆ ಬಿಟ್‌ಕಾಯಿನ್ ಇದೆ, ಆ ಕಂಪನಿಯನ್ನೇ ಕೊಳ್ಳುತ್ತೇನೆ ಎಂದು ಚಹಾದಂಗಡಿಗಳಲ್ಲೆಲ್ಲ ಸಾರಿದೆ. ಇದ್ದದ್ದು ಐನೂರು ರೂಪಾಯಿಯದು.

ಮಾತು ಪೊಲೀಸರ ಕಿವಿಗೆ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ನನ್ನ ಖಾತೆ ಬಂದ್! ಕಂಪನಿಗೆ ಫೋನ್ ಹಚ್ಚಿದೆ. ಅದೇ ದನಿ.

“ನನ್ನ ಖಾತೆಗೆ ಏನಾಗೇತ್ರಿ?”

“ಹೇಳಾಕ ಬರಂಗಿಲ್ರಿ.”

“ನಿಮಗ ಬರೂದಾರ ಏನ್ರಿ?”

ಆ ಕಡೆ ನಿಟ್ಟುಸಿರು. “ಸುಮ್ಮನಿರಾಕ ಬರತೈತಿ. ನೀವೂ ಸ್ವಲ್ಪ ಕಲೀರಿ.”

ಆಮೇಲೆ ಸ್ಟೇಷನ್ನಿಗೆ ಕರೆ ಬಂತು. ಸಾಹೇಬರು ಹೊಟ್ಟೆ ಹಿಡಿದು ನಗುತ್ತಿದ್ದರು. “ಐನೂರಕ್ಕ ಕೋಟಿ ಅಂತ ಸುಳ್ಳ ಥಾಪಾ ಹೊಡಿತೀರೇನ್ರಿ ಶೇಠ? ನಿಮ್ಮ ವಿಡಿಯೊನೂ ಕೊಡ್ರಿ ಅಂತ ಕಂಪನಿಗೆ ಕೇಳಿದ್ವಿ. ನಿಮ್ಮ ಗುರುತು ನೋಡಿದ ಹುಡುಗಿ ಖಾತೆ ಲೆಕ್ಕ ಅಷ್ಟ ಕೊಟ್ಟಳು. ‘ತನಿಖಿಗೆ ಇಷ್ಟ ಸಾಕು, ವಿಡಿಯೊ ಬೇಕಂದ್ರ ಕೋರ್ಟಿನ ಆರ್ಡರ್ ತರ್ರಿ’ ಅಂತ ಜಗಳಾನ ಮಾಡಿದಳು.”

ನನ್ನ ಕಣ್ಸನ್ನೆ, ಮದುವೆಯ ಮಾತು, ಆಕೆಯ ಕೆಂಪು ಕಿವಿ ಎಲ್ಲ ಇದ್ದದ್ದು ಆ ವಿಡಿಯೊದಲ್ಲೇ.

“ಅಕಿ ಹೆಸರು ಇಲ್ಲೈತಿ. ಬೇಕೇನು?” ಸಾಹೇಬರು ಕಾಗದ ನನ್ನತ್ತ ಸರಿಸಿದರು.

ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ. ಕಾಗದ ಮಾತ್ರ ನೋಡಲಿಲ್ಲ. ಆ ಆಸೆ ತಡೆಯುವ ಭಾರ ಹನುಮಂತನಿಗೂ ಎತ್ತಲು ಆಗುತ್ತಿರಲಿಲ್ಲ.

“ಬ್ಯಾಡ್ರಿ ಸಾಹೇಬ್ರ. ಅಕಿನ ಹೇಳಲಿ.”

ರವಿವಾರ ಅಂಗಡಿಯಲ್ಲಿ ಚಾದರ ಮಡಚುತ್ತಿದ್ದೆ.

“ಎಡಕ್ಕ ನೋಡ್ರಿ.”

ನೋಡಿದೆ. ಬಾಗಿಲಲ್ಲಿ ಆಕೆ! ಬಿಸಿಲಿಗೆ ಮೂಗಿನ ತುದಿ ಬೆವರಿತ್ತು.

“ನನ್ನ ವಿಳಾಸ ಕಂಪನಿಯಿಂದ ತಗದ್ರೇನು?”

“ಛೀ! ಅದು ತಪ್ಪಲ್ಲೇನ್ರಿ? ಅಕ್ಕಲಕೋಟ ಬಸ್ ಇಳದು ‘ಕೋಟಿ ಥಾಪಾ ಹೊಡಿಯಾಂವ ಎಲ್ಲಿ?’ ಅಂದೆ. ರಿಕ್ಷಾದವರು ನಾ ಮುಂದ, ತಾ ಮುಂದ ಅಂದ್ರು.”

“ಬಂದ ಕೆಲಸ?”

“ಒಂದು ಪ್ರಶ್ನಿ ಕೇಳಿದ್ರೆಲ್ಲ? ರೆಕಾರ್ಡ್ ಆಗಲಾರದ ಕಡೆ ‘ಹೂಂ’ ಅನ್ನಾಕ ಬಂದೀನಿ.”

ಮಡಚಿದ ಚಾದರವನ್ನೇ ಮತ್ತೆ ಮಡಚಿದೆ. “ಹೆಸರು?”

“ಹೇಳಿದ್ರ ಊರ ತುಂಬ ಸಾರ್ತೀರಿ.”

“ಇಲ್ಲ.”

ಚಾದರಗಳ ಗಂಟಿನ ಮೇಲೆ ಬಾಗಿ ಕಿವಿಯಲ್ಲಿ ಹೇಳಿದಳು.

ಎಂಥ ಹೆಸರು ಅಂತೀರಿ! ಮೂರು ಲೋಕದಲ್ಲಿ ಅಂಥ ಹೆಸರಿಲ್ಲ. ಏನದು ಎಂದಿರಾ?

ಹೇಳಾಕ ಬರಂಗಿಲ್ರಿ.