ಮುಚ್ಚಳದ ಮೂರು ತೂತು

ಟೈಲರ್ ಮೂರನೇ ದಿನ ಬೆಳಿಗ್ಗೆ ತೀರಿಕೊಂಡ. ಮೊಣಕಾಲಿನ ಸಣ್ಣ ಆಪರೇಷನ್ನಿಗೆಂದು ಆಸ್ಪತ್ರೆಗೆ ಬಂದವನು. ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ಗ್ಲೂಕೋಸ್ ಏರಿಸಿದ್ದರು. ಏಳಕ್ಕೆ ಮೈ ನಡುಗತೊಡಗಿತು. ಬಾಟಲಿ ಇಳಿಸಿ ಕಿಟಕಿಗೆ ಹಿಡಿದರೆ, ಉಳಿದ ದ್ರವ ಸೋಪು ಸೋಕಿದ ನೀರಿನಂತೆ ಮಬ್ಬಾಗಿತ್ತು. ಪರೀಕ್ಷೆಗೆಂದು ಬಾಟಲಿಯನ್ನು ಕೂಡಲೇ ಐಸಿನಲ್ಲಿಟ್ಟರು. ಆಮೇಲೆ ರೋಗಿಗೆ ಕೊಟ್ಟ ಯಾವ ಔಷಧಿಯೂ ನಾಟಲಿಲ್ಲ.

ಸಾವಿನ ದಿನವೇ, ಬಾಟಲಿ ಏರಿಸಿದ್ದ ನರ್ಸಿನ ಅಮಾನತು ಆದೇಶ ಬಂತು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದಳು.

* * *

"ಇಪ್ಪತ್ತೆರಡು ವರ್ಷ ಮೇಡಂ. ಕೈ ತೊಳೆಯದೆ ಒಂದು ಬಾಟಲಿ ಮುಟ್ಟಿಲ್ಲ," ಎಂದಳು ನರ್ಸ್. ಸೋಪಿನಿಂದ ಒಡೆದ ಅವಳ ಬೆರಳುಗಳೇ ಸಾಕ್ಷಿಯಂತಿದ್ದವು.

"ಬಾಟಲಿ ಎಲ್ಲಿಂದ ಬಂತು ಸಿಸ್ಟರ್?"

"ಸ್ಟೋರ್ ತೆಗೆಯೋದು ಎಂಟಕ್ಕೆ. ಲ್ಯಾಬಿನಿಂದ ಇಸ್ಕೊಂಡು ಬಂದೆ. ಅಲ್ಲಿನ ಡಾಕ್ಟ್ರೇ ಕೊಟ್ರು."

"ಕೊಟ್ಟಿಲ್ಲ ಅಂತಾರೆ."

"ಹಾಗಾದ್ರೆ ಸುಳ್ಳು ಹೇಳ್ತಿರೋಳು ನಾನೇ ಆಗಬೇಕು."

"ಸೂಜಿ ಎಷ್ಟು ಸಲ ಚುಚ್ಚಿದ್ರಿ?"

"ಒಂದೇ ಸಲ."

ಇನ್ಸ್‌ಪೆಕ್ಟರ್ ಬರೆದುಕೊಂಡಳು. ಬಾಟಲಿಯ ರಬ್ಬರ್ ಮುಚ್ಚಳದಲ್ಲಿ ಅವಳು ಎಣಿಸಿದ್ದು ಮೂರು ತೂತು.

* * *

ಲ್ಯಾಬಿನ ಡಾಕ್ಟರಿಗೆ ಆಸ್ಪತ್ರೆಯವರು ಇಟ್ಟ ಹೆಸರು ಉಳಿತಾಯರಾಯ. ಹರಿದ ಗ್ಲೌಸಿಗೂ ಗಂಟು ಹಾಕುವ ಆಸಾಮಿ.

"ರಿಪೋರ್ಟ್ ನೋಡಿ ಮೇಡಂ. ಬಾಟಲಿಯಲ್ಲಿ ಸಿಕ್ಕಿದ್ದು ವಾರ್ಡಿನ ಸಿಂಕಲ್ಲಿರೋ ಜಾತಿಯ ಬ್ಯಾಕ್ಟೀರಿಯಾ. ನಾನಿಲ್ಲಿ ಸಂಶೋಧನೆಗೆ ಸಾಕೋ ಜಾತಿಯೇ ಬೇರೆ. ಸಿಸ್ಟರ್ ಕೈ ತೊಳೆದಿಲ್ಲ, ಅಷ್ಟೇ."

ಮಾತು ನಿಜವೇ. ಜಾತಿ ವಾರ್ಡಿನದ್ದೇ. ಡಾಕ್ಟರ್ ಖುಷಿಯಿಂದ, ಬ್ಯಾಕ್ಟೀರಿಯಾ ಬೆಳೆಸುವ ತನ್ನ ತಟ್ಟೆಯೊಂದನ್ನು ನೇರಳೆ ದೀಪದಡಿ ಹಿಡಿದ. ಚುಕ್ಕೆಗಳೆಲ್ಲ ಹಸಿರಾಗಿ ಹೊಳೆದವು. "ಇವುಗಳೊಳಗೆ ಜೀನುಗಳ ಒಂದು ಪುಟ್ಟ ಉಂಗುರ ಇದೆ. ಔಷಧಿಗೆ ಬಗ್ಗದ ಗುಣ ಅದರಲ್ಲೇ. ಈ ಹೊಳಪು ಗುರುತಿಗೆ ನಾನೇ ಸೇರಿಸಿದ್ದು."

ಇನ್ಸ್‌ಪೆಕ್ಟರ್ ಏಳುವವಳಿದ್ದಳು. ಕಪಾಟಿನತ್ತ ಕಣ್ಣು ಹೋಯಿತು. ಅಲ್ಲಿ ಗ್ಲೂಕೋಸ್ ಬಾಟಲಿಗಳ ಸಾಲು.

"ಇವೇನು?"

"ವಾರ್ಡಲ್ಲಿ ಮಿಕ್ಕಿದ್ದು. ಚೆಲ್ಲೋದ್ಯಾಕೆ? ಎರಡು ಅರ್ಧ ಸೇರಿಸಿದ್ರೆ ಒಂದು ತುಂಬತ್ತೆ. ನನ್ನ ಮಕ್ಕಳಿಗೂ ಸಿಹಿ ಬೇಕಲ್ಲ." ತಟ್ಟೆಯತ್ತ ಕೈ ತೋರಿಸಿ ಅವನು ನಕ್ಕ.

ಅವಳು ಹೊರಬಂದು, ಬಾಟಲಿ ಪರೀಕ್ಷಿಸಿದ್ದ ನಗರದ ದೊಡ್ಡ ಲ್ಯಾಬಿಗೆ ಫೋನ್ ಮಾಡಿದಳು. "ಇನ್ನೊಂದೇ ಪರೀಕ್ಷೆ. ನೇರಳೆ ದೀಪದಲ್ಲಿ ನೋಡಿ ಹೇಳಿ."

* * *

ಮರುದಿನ ಖಾಲಿ ಹಾಸಿಗೆಯ ಪಕ್ಕ ಇಬ್ಬರನ್ನೂ ನಿಲ್ಲಿಸಿದಳು.

"ಬ್ಯಾಕ್ಟೀರಿಯಾ ಬೆಳೆಯೋದು ಎಷ್ಟು ಬೇಗ, ಡಾಕ್ಟ್ರೇ?"

"ಹೆಚ್ಚೆಂದರೆ ಇಪ್ಪತ್ತು ನಿಮಿಷಕ್ಕೆ ಎರಡು ಪಟ್ಟು."

"ಆರರಿಂದ ಏಳಕ್ಕೆ, ಒಂದು ಎಂಟಾಗತ್ತೆ. ಸಿಸ್ಟರ್ ಕೈಯಿಂದ ನೂರು ಬಿದ್ದಿದ್ರೂ ಎಂಟುನೂರು. ಅಷ್ಟಕ್ಕೆ ಬಾಟಲಿ ಮಬ್ಬಾಗಲ್ಲ. ಇದರ ಒಂದೊಂದು ಹನಿಯಲ್ಲೂ ಲಕ್ಷಗಟ್ಟಲೆ ಇದ್ವು. ದಿನಗಟ್ಟಲೆ ಬೆಳೆದಿದ್ದವು."

ಡಾಕ್ಟರ್ ಕನ್ನಡಕ ಒರೆಸಿಕೊಂಡ. "ಆದ್ರೂ ಜಾತಿ ವಾರ್ಡಿನದ್ದು."

"ಹೌದು. ಮೈ ವಾರ್ಡಿನದ್ದು, ಉಂಗುರ ನಿಮ್ಮದು. ನಿನ್ನೆ ರಾತ್ರಿ ರಿಪೋರ್ಟ್ ಬಂತು. ಹಸಿರಾಗಿ ಹೊಳೆದಿವೆ."

ಅವಳು ರಿಪೋರ್ಟನ್ನು ಹಾಸಿಗೆಯ ಮೇಲಿಟ್ಟಳು.

"ಬ್ಯಾಕ್ಟೀರಿಯಾಗಳು ಮೈಗೆ ಮೈ ತಾಗಿಸಿ ಉಂಗುರ ದಾಟಿಸ್ತವೆ, ಜಾತಿ ಬೇರೆಯಾದ್ರೂ. ಅವೆರಡು ಎಲ್ಲಿ ಸೇರಿದ್ವು? ಮುಚ್ಚಳದಲ್ಲಿ ಮೂರು ತೂತು. ಒಂದು ಹಳೇ ರೋಗಿಗೆ ಹಾಕಿದ್ದು. ಆಗ ವಾರ್ಡಿನ ಬ್ಯಾಕ್ಟೀರಿಯಾ ಒಳಗೆ ಹೋಯ್ತು. ಇನ್ನೊಂದು, ಬಾಟಲಿ ತುಂಬಿಸಿದ ನಿಮ್ಮ ಸಿರಿಂಜಿನದು. ಅದರ ಜೊತೆ ನಿಮ್ಮ ಮಕ್ಕಳು ಹೋದ್ರು. ಮೂರನೇದು ಸಿಸ್ಟರ್ ಚುಚ್ಚಿದ್ದು. ಬಾಟಲಿ ಕೊಟ್ಟಿದ್ದು ನೀವೇ."

ಡಾಕ್ಟರ್ ಹಾಸಿಗೆಯ ಅಂಚಿನಲ್ಲಿ ಕೂತ. "ಹೊಸದೂ ಹಳೇದೂ ಒಂದೇ ಕಪಾಟಲ್ಲಿದ್ವು. ಕೊಟ್ಟ ಮೇಲೆ ಗೊತ್ತಾಯ್ತು."

"ಯಾವಾಗ?"

"ಅವತ್ತೇ ಏಳೂವರೆಗೆ, ಉಳಿದವನ್ನು ಎಣಿಸಿದಾಗ."

"ಯಾವ ಔಷಧಿ ನಾಟಲ್ಲ ಅಂತ ಗೊತ್ತಿದ್ದವರು ನೀವೊಬ್ಬರೇ. ಹೇಳಿದ್ರೆ ಬೇರೆ ಔಷಧಿ ಕೊಡಬಹುದಿತ್ತು. ಎರಡು ದಿನ ಬಾಯಿ ಮುಚ್ಕೊಂಡ್ರಿ."

ಕಾನ್‌ಸ್ಟೇಬಲ್ ಅವನನ್ನು ಕರೆದೊಯ್ದ.

"ಅಮಾನತು ರದ್ದಾಗತ್ತೆ ಸಿಸ್ಟರ್."

ನರ್ಸ್ ಕೇಳಿಸಿಕೊಂಡಂತೆ ಕಾಣಲಿಲ್ಲ. ಟ್ರಾಲಿಯಿಂದ ಹೊಸ ಬಾಟಲಿಯೊಂದನ್ನು ಎತ್ತಿ, ಮುಚ್ಚಳದ ಮೇಲೆ ಬೆರಳಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅವತ್ತು ಇಷ್ಟು ಮಾಡಿದ್ದಿದ್ರೆ ಸಾಕಿತ್ತು, ಅಲ್ವಾ ಮೇಡಂ?"

ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡಳು.